ಖಳನಾಯಕನಿಗೊಂದು ಸಪ್ಪೆ ಸಾವು

2003ರ ಡಿಸೆಂಬರ್ ತಿಂಗಳಲ್ಲಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಚಲನಚಿತ್ರ ಮಾಲೆಯ ಮೂರನೆಯ ಹಾಗೂ ಕೊನೆಯ ಭಾಗ ತೆರೆಕಂಡಿತು. ಮರುವರ್ಷ ಅದಕ್ಕೆ 11 ಆಸ್ಕರ್ ಪ್ರಶಸ್ತಿಗಳು ಸಂದವು. ಆದರೂ ಚಿತ್ರಮಂದಿರದಿಂದ ಹೊರಬಂದ ಅನೇಕರಲ್ಲಿ ಒಂದು ಪ್ರಶ್ನೆ ಉಳಿದಿತ್ತು. ಹಿಂದಿನ ಎರಡು ಭಾಗಗಳಲ್ಲಿ ಅಷ್ಟೆಲ್ಲ ಅನಾಹುತಗೈದ ಬಿಳಿಗಡ್ಡದ ಮಾಂತ್ರಿಕ ಸರುಮಾನ್ ಏನಾದ? ಅವನು ಶಕ್ತಿಗುಂದಿದ್ದಾನೆ, ತನ್ನ ಗೋಪುರದಲ್ಲಿಯೇ ಕಾವಲಿನಲ್ಲಿರಲಿ ಎಂಬ ಅರ್ಥದ ಒಂದೆರಡು ಮಾತುಗಳಲ್ಲಿ ಚಿತ್ರ ಅವನ ಕಥೆಯನ್ನು ಮುಗಿಸಿಬಿಟ್ಟಿತ್ತು. ಆ ಪಾತ್ರವನ್ನು ನಿರ್ವಹಿಸಿದ್ದ ಹಿರಿಯ ನಟ ಕ್ರಿಸ್ಟೋಫರ್ ಲೀ ಅವರಿಗೆ ಆಗ 81 ವರ್ಷ. ಮೂಲ ಕಾದಂಬರಿಯನ್ನು ಪ್ರತಿವರ್ಷವೂ ಓದುವ ವಾಡಿಕೆಯಿದ್ದ, ಅದರ ಲೇಖಕರನ್ನು ಒಮ್ಮೆ ಕಣ್ಣಾರೆ ಕಂಡಿದ್ದ ಅವರು, ತಮ್ಮ ಪಾತ್ರದ ಮರಣದೃಶ್ಯವನ್ನು ಕತ್ತರಿಸಿದ್ದಕ್ಕೆ ನೊಂದು ಚಿತ್ರದ ಪ್ರಥಮ ಪ್ರದರ್ಶನಕ್ಕೆ ಹೋಗಲಿಲ್ಲ.

2004ರಲ್ಲಿ ಬಂದ ವಿಸ್ತೃತ ಆವೃತ್ತಿಯಲ್ಲಿ ಆ ದೃಶ್ಯವನ್ನು ಮರಳಿ ಸೇರಿಸಲಾಯಿತು. ಗೋಪುರದ ತುದಿಯಲ್ಲಿ ನಿಂತ ಸರುಮಾನನನ್ನು ಅವನ ಸೇವಕ ಗ್ರೀಮಾ ಬೆನ್ನ ಹಿಂದಿನಿಂದ ಇರಿಯುತ್ತಾನೆ. ಎತ್ತರದಿಂದ ಉರುಳಿದ ದೇಹ ಕೆಳಗಿನ ಯಂತ್ರಚಕ್ರದ ಮೊನೆಗೆ ಸಿಲುಕುತ್ತದೆ; ಚಕ್ರ ಮೆಲ್ಲನೆ ತಿರುಗಿ ಅವನನ್ನು ನೀರಿನಲ್ಲಿ ಮುಳುಗಿಸುತ್ತದೆ. ನೋಡುಗರಿಗೆ ಒಂದು ಬಗೆಯ ಸಮಾಧಾನವಾಯಿತು. ಖಳನೆಂದ ಮೇಲೆ ಎತ್ತರದಿಂದಲೇ ಬೀಳಬೇಕಲ್ಲವೇ?

ಇಷ್ಟಕ್ಕೆ ತೃಪ್ತರಾಗದೆ ಮೂಲ ಕೃತಿಯನ್ನೇ ಬಿಡಿಸಿ ನೋಡಿದವರಿಗೆ ಇನ್ನೂ ದೊಡ್ಡ ನಿರಾಶೆ ಕಾದಿರುತ್ತದೆ. ಜೆ. ಆರ್. ಆರ್. ಟೋಲ್ಕೀನ್ ಅವರು ಬರೆದು, 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಆ ಕೃತಿಯಲ್ಲಿ ಸರುಮಾನ್ ಗೋಪುರದಿಂದ ಬೀಳುವುದೇ ಇಲ್ಲ. ಮಹಾಯುದ್ಧ ಮುಗಿದು, ಶಾಪಗ್ರಸ್ತ ಉಂಗುರ ಬೆಂಕಿಯಲ್ಲಿ ಕರಗಿ, ಅರಸನ ಪಟ್ಟಾಭಿಷೇಕವೂ ವಿವಾಹವೂ ನೆರವೇರಿ, ಓದುಗ ಇನ್ನೇನು ಪುಸ್ತಕ ಮುಚ್ಚಬೇಕು ಎನ್ನುವಾಗ, ಕೊನೆಯಿಂದ ಎರಡನೆಯ ಅಧ್ಯಾಯದಲ್ಲಿ, ಒಂದು ಹಳ್ಳಿಮನೆಯ ಬಾಗಿಲ ಮುಂದೆ ಅವನು ಸಾಯುತ್ತಾನೆ. ಅಲ್ಲಿ ಅವನ ಎದುರು ಸೈನ್ಯವಿಲ್ಲ, ಅವನ ಕೈಯಲ್ಲಿ ಮಂತ್ರದಂಡವೂ ಇಲ್ಲ. ಅವನದೇ ಸೇವಕ, ಅವನ ಒದೆತ ತಿಂದ ಸಿಟ್ಟಿನಲ್ಲಿ, ಒಂದು ಚಾಕುವಿನಿಂದ ಅವನ ಗಂಟಲು ಕೊಯ್ಯುತ್ತಾನೆ. ಮನೆಯಲ್ಲಿ ಈ ಪುಸ್ತಕವನ್ನು ಉಸಿರು ಬಿಗಿಹಿಡಿದು ಓದಿಕೊಂಡು ಬಂದ ಹದಿಹರೆಯದ ಮಗನೋ ಮಗಳೋ ಇಲ್ಲಿಗೆ ತಲುಪಿ “ಇಷ್ಟೇನಾ?” ಎಂದು ಕೇಳಿದರೆ, ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಕಥೆಯನ್ನು ಓದದವರಿಗಾಗಿ ಸ್ವಲ್ಪ ವಿವರಿಸಬೇಕು. ಸರುಮಾನ್ ಹುಟ್ಟು ದುಷ್ಟನಲ್ಲ. ಲೋಕವನ್ನು ಕವಿಯುತ್ತಿದ್ದ ಸೌರಾನ್ ಎಂಬ ಕೇಡಿನೊಡೆಯನನ್ನು ಎದುರಿಸುವ ಜನರಿಗೆ ನೆರವಾಗಲೆಂದು ಪಡುವಣ ಸಮುದ್ರದಾಚೆಯಿಂದ ಬಂದ ಐವರು ಜ್ಞಾನಿಗಳಲ್ಲಿ ಅವನೇ ಪ್ರಮುಖ. ವೈರಿಯ ವಿದ್ಯೆಗಳನ್ನು ಅರಿಯಲು ಹೋಗಿ ಅವುಗಳಿಗೇ ಮರುಳಾದ. ಅವನ ಬಲವೆಲ್ಲ ಅವನ ಧ್ವನಿಯಲ್ಲಿತ್ತು. ಕೇಳಿದವರಿಗೆ ಅವನು ಹೇಳಿದ್ದೆಲ್ಲ ನ್ಯಾಯವೆನಿಸುತ್ತಿತ್ತು, ಮರುನುಡಿದವರು ಒರಟರಂತೆ ಕಾಣುತ್ತಿದ್ದರು. ಐಸೆನ್‌ಗಾರ್ಡ್ ಎಂಬ ತನ್ನ ಕೋಟೆಯ ಮರಗಳನ್ನು ಕಡಿಸಿ ಕುಲುಮೆಗಳನ್ನು ಹೂಡಿದ, ಸೈನ್ಯ ಕಟ್ಟಿದ. ಕೊನೆಗೆ ಕಾಡನ್ನು ಕಾಯುವ ವೃಕ್ಷಪಾಲಕರೇ ಎದ್ದುಬಂದು ಆ ಕೋಟೆಯನ್ನು ಪುಡಿಗೈದರು.

ಅಲ್ಲಿಂದ ಮುಂದಿನ ಅವನ ಕಥೆಯೆಲ್ಲ ತಿರಸ್ಕರಿಸಲ್ಪಟ್ಟ ಕೃಪೆಯ ಕಥೆ. ಅವನ ಹಳೆಯ ಒಡನಾಡಿ ಗ್ಯಾಂಡಾಲ್ಫ್ ಗೋಪುರದ ಬುಡದಲ್ಲಿ ನಿಂತು, ಕೆಳಗಿಳಿದು ಬಾ, ಬಿಡುಗಡೆಯಾಗಿ ಎಲ್ಲಿಗಾದರೂ ಹೋಗು ಎಂದು ಕರೆಯುತ್ತಾನೆ. ಅವನು ಒಲ್ಲೆನೆನ್ನುತ್ತಾನೆ. ಕಾವಲಿದ್ದ ವೃಕ್ಷಪಾಲಕ, ಜೀವವಿರುವುದನ್ನು ಬಂಧಿಸಿಡಲು ಮನಸ್ಸಾಗದೆ, ತಿಂಗಳುಗಳ ನಂತರ ಅವನನ್ನು ಬಿಟ್ಟುಕಳುಹಿಸುತ್ತಾನೆ. ಯುದ್ಧ ಮುಗಿಸಿ ಮರಳುತ್ತಿದ್ದವರಿಗೆ ಅವನು ದಾರಿಯಲ್ಲಿ ಚಿಂದಿಯುಟ್ಟ ಭಿಕ್ಷುಕನಾಗಿ ಎದುರಾದಾಗ, ರಾಣಿ ಗ್ಯಾಲಾಡ್ರಿಯೆಲ್ ಕೊನೆಯ ಅವಕಾಶವೆಂದು ನೆರವಿನ ಕೈ ಚಾಚುತ್ತಾಳೆ. ಅದಕ್ಕೂ ವ್ಯಂಗ್ಯದ ಉತ್ತರ. ಆ ಗುಂಪಿನಲ್ಲಿದ್ದ ಹಾಬಿಟ್ ಒಬ್ಬ ತನ್ನ ಹೊಗೆಸೊಪ್ಪಿನ ಚೀಲವನ್ನೇ ಕೊಟ್ಟಾಗ ಮಾತ್ರ ಕಸಿದುಕೊಳ್ಳುತ್ತಾನೆ, ಕೃತಜ್ಞತೆಯ ಬದಲು ಬೈಗುಳ ನೀಡುತ್ತಾನೆ. ಹಾಬಿಟ್ಟರೆಂದರೆ ಮೂರಡಿ ಎತ್ತರದ, ಹೊಲ ಗದ್ದೆ ಊಟ ಹರಟೆಗಳಲ್ಲಿ ಸುಖವಾಗಿದ್ದ ಪುಟ್ಟ ಜನ. ಶೈರ್ ಎಂಬ ಅವರ ನಾಡಿಗೆ ಅವರಿಗಿಂತ ಮೊದಲೇ ತಲುಪಿ, ಅದನ್ನು ಹಾಳುಗೆಡವಿ ಸೇಡು ತೀರಿಸಿಕೊಳ್ಳುವುದೇ ಅವನ ಕೊನೆಯ ಯೋಜನೆಯಾಗುತ್ತದೆ. ಒಂದು ಕಾಲಕ್ಕೆ ಲೋಕವನ್ನೇ ಆಳಬಯಸಿದವನು ಈಗ ಸಾಲುಮರಗಳನ್ನು ಕಡಿಸುತ್ತಾನೆ, ಹಳೆಯ ಗಿರಣಿಯನ್ನು ಕೆಡವಿಸಿ ಹೊಳೆಗೆ ಹೊಲಸು ಕಾರುವ ಹೊಸ ಯಂತ್ರಗಳನ್ನು ನಿಲ್ಲಿಸುತ್ತಾನೆ, ಗೋಡೆಗಳ ಮೇಲೆ ನಿಯಮಗಳ ಪಟ್ಟಿ ತೂಗುಹಾಕಿಸುತ್ತಾನೆ.

ಉಂಗುರವನ್ನು ಹೊತ್ತೊಯ್ದ ಫ್ರೋಡೊ ಹಾಗೂ ಅವನ ಮೂವರು ಗೆಳೆಯರು ಮನೆಗೆ ಬಂದು ನಾಡಿನ ಜನರನ್ನು ಎಬ್ಬಿಸುತ್ತಾರೆ. ಬೈವಾಟರ್ ಎಂಬಲ್ಲಿ ನಡೆದ ಕಾಳಗದಲ್ಲಿ 19 ಹಾಬಿಟ್ಟರೂ ಸುಮಾರು 70 ಪುಂಡರೂ ಸಾಯುತ್ತಾರೆ. ಆ ದಿನ ಫ್ರೋಡೊ ಖಡ್ಗವನ್ನು ಹಿರಿಯುವುದಿಲ್ಲ. ಆಯುಧ ಕೆಳಗಿಟ್ಟ ಪುಂಡರನ್ನು ತನ್ನವರು ಕೊಲ್ಲದಂತೆ ತಡೆಯುವುದೇ ಅವನ ಕೆಲಸ. ಬಳಿಕ ತನ್ನ ಸ್ವಂತ ಮನೆಯ ಬಾಗಿಲಲ್ಲಿ ಸರುಮಾನ್ ಎದುರಾದಾಗಲೂ, ಊರವರೆಲ್ಲ ಕೊಲ್ಲಿರೆಂದು ಕೂಗಿದಾಗಲೂ, ಅವನು ಒಪ್ಪುವುದಿಲ್ಲ. ಹೊರಟಂತೆ ಮಾಡಿದ ಸರುಮಾನ್ ಹತ್ತಿರ ಹಾದುಹೋಗುವಾಗ ಫ್ರೋಡೊನಿಗೆ ಚಾಕುವಿನಿಂದ ಇರಿಯುತ್ತಾನೆ. ಅಂಗಿಯೊಳಗಿದ್ದ ಉಕ್ಕಿಗಿಂತ ಗಟ್ಟಿಯಾದ ಕವಚಕ್ಕೆ ತಾಗಿ ಅಲಗು ಮುರಿಯುತ್ತದೆ. ಆಗಲೂ ಫ್ರೋಡೊ, ಅವನನ್ನು ಬಿಡಿ, ಒಂದು ಕಾಲಕ್ಕೆ ಅವನು ದೊಡ್ಡವನಾಗಿದ್ದ, ಅವನು ಗುಣವಾಗಲೆಂದು ಆಶಿಸುತ್ತೇನೆ ಎನ್ನುತ್ತಾನೆ. ಈ ಮಾತು ಸರುಮಾನನಿಗೆ ಚಾಕುವಿಗಿಂತ ಆಳವಾಗಿ ನಾಟುತ್ತದೆ. ನಿನ್ನ ಕರುಣೆಯ ಋಣಿಯಾಗಿ ಹೋಗಬೇಕಲ್ಲ ಎಂಬುದೇ ಅವನ ಸಂಕಟ. ಆ ಕಹಿಯನ್ನು ಹಿಂದೆ ತೆವಳುತ್ತಿದ್ದ ಗ್ರೀಮಾನ ಮೇಲೆ ಕಾರುತ್ತಾನೆ, ಮುಖಕ್ಕೆ ಒದೆಯುತ್ತಾನೆ. ಅನಂತರ ನಡೆದದ್ದನ್ನು ಮೇಲೆಯೇ ಹೇಳಿದೆ.

ಕೇಡಿಗರಿಗೆ ಭೀಕರವಾದ, ಎಲ್ಲರೂ ನೋಡಬಲ್ಲ ಸಾವು ಬರಬೇಕೆಂಬ ನಿರೀಕ್ಷೆ ಸಿನಿಮಾದವರು ಕಲಿಸಿದ್ದಲ್ಲ. ಅದರ ಬೇರು ಬಹಳ ಹಿಂದಿನದು, ಮತ್ತು ಕ್ರೈಸ್ತ ಬರಹಗಳಲ್ಲಿಯೂ ಅದು ಗಟ್ಟಿಯಾಗಿಯೇ ಇದೆ. ಪ್ರೇಷಿತರ ಕಾರ್ಯಕಲಾಪಗಳ 12ನೆಯ ಅಧ್ಯಾಯದಲ್ಲಿ, ಜನರಿಂದ ದೇವರೆನಿಸಿಕೊಂಡ ಅರಸ ಹೆರೋದ ಹುಳುಬಿದ್ದು ಸತ್ತದ್ದನ್ನು ಓದುತ್ತೇವೆ. ನಾಲ್ಕನೆಯ ಶತಮಾನದ ಆರಂಭದಲ್ಲಿ ಲಾಕ್ಟಾನ್ಷಿಯುಸ್ ಎಂಬ ಲತೀನ್ ಲೇಖಕ ಇದನ್ನೇ ಒಂದು ಪೂರ್ಣ ಗ್ರಂಥಕ್ಕೆ ವಸ್ತುವಾಗಿಸಿದ. ನಿಕೊಮೀಡಿಯ ಪಟ್ಟಣದಲ್ಲಿ ವಾಕ್ಚಾತುರ್ಯದ ಬೋಧಕನಾಗಿದ್ದ ಅವನು 303ರಲ್ಲಿ ಅಲ್ಲಿಂದಲೇ ಆರಂಭವಾದ ಮಹಾಹಿಂಸೆಯನ್ನು ಬಲ್ಲವನು. ಧರ್ಮಸಭೆಯನ್ನು ಹಿಂಸಿಸಿದ ಚಕ್ರವರ್ತಿಗಳೆಲ್ಲ ಹೇಗೆ ಸತ್ತರೆಂಬುದೇ ಆ ಪುಸ್ತಕದ ವಿಷಯ. 311ರಲ್ಲಿ ತೀರಿಕೊಂಡ ಗಲೇರಿಯುಸನ ರೋಗದ ವರ್ಣನೆ ಪುಟಗಟ್ಟಲೆ ಸಾಗುತ್ತದೆ: ಕೊಳೆತ ಹುಣ್ಣು, ಹುಳುಗಳು, ಅರಮನೆಯನ್ನು ದಾಟಿ ಪಟ್ಟಣಕ್ಕೂ ಹಬ್ಬಿದ ದುರ್ನಾತ. ಬೆಂಕಿಯಲ್ಲಿ ಸುಡಲ್ಪಟ್ಟ ತನ್ನವರನ್ನು ಕಂಡ ಮನುಷ್ಯ ಹೀಗೆ ಬರೆದನೆಂದರೆ ಅವನನ್ನು ದೂರುವ ಅಧಿಕಾರ ನಮಗಿಲ್ಲ. ಆದರೆ ಆ ವರ್ಣನೆಯಲ್ಲಿ ಇತಿಹಾಸದ ಜೊತೆಗೆ ಸವಿಯುವಿಕೆಯೂ ಬೆರೆತಿದೆ ಎಂಬುದನ್ನು ಓದುವವರು ಗುರುತಿಸದಿರಲಾರರು. ಅದೇ ಗಲೇರಿಯುಸ್ ಸಾಯುವ ಕೆಲವೇ ದಿನಗಳ ಮುನ್ನ ಕ್ರೈಸ್ತರ ಮೇಲಿನ ನಿರ್ಬಂಧವನ್ನು ತೆಗೆದು, ತನಗಾಗಿ ಪ್ರಾರ್ಥಿಸಿರೆಂದು ತನ್ನ ಶಾಸನದಲ್ಲಿ ಕೇಳಿಕೊಂಡಿದ್ದ. ಹುಳುಗಳ ವಿವರ ನೆನಪಿನಲ್ಲಿ ಉಳಿಯುವಷ್ಟು ಈ ವಿಚಾರ ಉಳಿಯುವುದಿಲ್ಲ.

ಟೋಲ್ಕೀನ್ ಈ ಪರಂಪರೆಯಿಂದ ಏಕೆ ಸರಿದರು? ಉತ್ತರ ಅವರ ಬಾಳಿನಲ್ಲಿಯೇ ಅಷ್ಟಿಷ್ಟು ದೊರೆಯುತ್ತದೆ. 1892ರ ಜನವರಿ 3ರಂದು ದಕ್ಷಿಣ ಆಫ್ರಿಕಾದ ಬ್ಲೋಮ್‌ಫಾಂಟೇನ್ ಪಟ್ಟಣದಲ್ಲಿ ಹುಟ್ಟಿದ ಅವರು ನಾಲ್ಕನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ತಾಯಿ ಮೇಬಲ್ 1900ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದ್ದರಿಂದ ಬಂಧುಗಳ ನೆರವು ತಪ್ಪಿತು. 1904ರಲ್ಲಿ ಮಧುಮೇಹದಿಂದ ಅವರೂ ತೀರಿಕೊಂಡರು. ಹನ್ನೆರಡರ ಹುಡುಗನನ್ನೂ ಅವನ ತಮ್ಮನನ್ನೂ ಸಾಕುವ ಹೊಣೆ ಹೊತ್ತವರು ಬರ್ಮಿಂಗ್‌ಹ್ಯಾಮ್ ಒರೆಟರಿಯ ಗುರು ಫ್ರಾನ್ಸಿಸ್ ಮಾರ್ಗನ್. ಬಾಲ್ಯದ ಸುಖದ ದಿನಗಳು ಕಳೆದದ್ದು 1896ರಿಂದ 1900ರವರೆಗೆ, ಸೇರ್‌ಹೋಲ್ ಎಂಬ ಹಳ್ಳಿಯಲ್ಲಿ, ಒಂದು ನೀರಿನ ಗಿರಣಿಯ ಸಮೀಪ. ಗಿರಣಿಯವನ ಮಗ ಮೈಯೆಲ್ಲ ಹಿಟ್ಟಿನ ಧೂಳಾಗಿ ಹೊರಬಂದರೆ ಅಣ್ಣತಮ್ಮಂದಿರಿಬ್ಬರೂ ಓಡುತ್ತಿದ್ದರಂತೆ. ಬೆಳೆಯುತ್ತಿದ್ದ ನಗರ ಆ ಹಳ್ಳಿಯನ್ನು ನುಂಗಿತು. ಶೈರ್ ಹಾಳಾಗುವ ಅಧ್ಯಾಯ ಎರಡನೆಯ ಮಹಾಯುದ್ಧದ ನಂತರದ ಇಂಗ್ಲೆಂಡಿನ ಚಿತ್ರವೆಂದು ವಿಮರ್ಶಕರು ಹೇಳಿದಾಗ ಟೋಲ್ಕೀನ್ ಒಪ್ಪಲಿಲ್ಲ. ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ, ಅದಕ್ಕೆ ಅನುಭವದ ಆಧಾರ ಏನಾದರೂ ಇದ್ದರೆ ಅದು ತಾನು ಹತ್ತು ವರ್ಷದವನಾಗುವ ಮೊದಲೇ ಕೆಟ್ಟುಹೋದ ಆ ಊರು ಎಂದು ಸೂಚಿಸಿದರು.

ಅನಂತರ ಯುದ್ಧ ಬಂತು. 1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ನದಿಯ ರಣರಂಗದಲ್ಲಿ ಒಂದೇ ದಿನ 19,240 ಬ್ರಿಟಿಷ್ ಸೈನಿಕರು ಸತ್ತರು. ಅವರಲ್ಲಿ ಟೋಲ್ಕೀನರ ಆಪ್ತಗೆಳೆಯ ರಾಬ್ ಗಿಲ್ಸನ್ ಒಬ್ಬ. ಸಂಕೇತಾಧಿಕಾರಿಯಾಗಿ ಅದೇ ರಣರಂಗದಲ್ಲಿದ್ದ ಟೋಲ್ಕೀನ್ ಕಂದಕಜ್ವರಕ್ಕೆ ತುತ್ತಾಗಿ ಆ ನವೆಂಬರಿನಲ್ಲಿ ಊರಿಗೆ ಮರಳಿದರು. ಡಿಸೆಂಬರಿನಲ್ಲಿ ಇನ್ನೊಬ್ಬ ಗೆಳೆಯ ಸತ್ತ ಸುದ್ದಿ ಬಂತು. ಎರಡನೆಯ ಮಹಾಯುದ್ಧದ ವೇಳೆಗೆ ಅವರು ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕರು, ಮಗ ಕ್ರಿಸ್ಟೋಫರ್ ವಾಯುಪಡೆಯಲ್ಲಿ. 1945ರ ಜನವರಿ 30ರಂದು ತಂದೆ ಮಗನಿಗೆ ಬರೆದ ಪತ್ರವೊಂದು ಉಳಿದಿದೆ. ಪೂರ್ವದಿಂದ ರಷ್ಯದ ಸೈನ್ಯ ನುಗ್ಗುತ್ತಿರಲು ಜರ್ಮನಿಯ ಹೆಂಗಸರೂ ಮಕ್ಕಳೂ ಮೈಲಿಗಟ್ಟಲೆ ಸಾಲಾಗಿ ಓಡಿಬರುತ್ತ ದಾರಿಯಲ್ಲಿ ಸಾಯುತ್ತಿದ್ದ ದಿನಗಳವು. ಆ ಸುದ್ದಿ ಕೇಳಿ ಸುತ್ತಲಿನ ಜನ ಹಿಗ್ಗುತ್ತಿದ್ದುದನ್ನು ಕಂಡು ಟೋಲ್ಕೀನ್ ನಡುಗಿದರು. ಅಪರಾಧಿಯನ್ನು ಗಲ್ಲಿಗೇರಿಸುವುದು ಅನಿವಾರ್ಯವಾಗಬಹುದು, ಆದರೆ ಅದರಲ್ಲಿ ಹಿಗ್ಗಲಾಗದು ಎಂಬುದು ಅವರ ವಾದ. ಹಾಗೆ ಹಿಗ್ಗುವ ಜನರನ್ನು ಹೆಸರಿಸಲು ಅವರು ಬಳಸಿದ್ದು ತಮ್ಮದೇ ಕಾದಂಬರಿಯ ರಕ್ಕಸ ಸೈನಿಕರ ಹೆಸರನ್ನು: ಓರ್ಕ್‌ಗಳು.

ನೆನಪಿರಲಿ, ಆಗ ಹಿಟ್ಲರ್ ಇನ್ನೂ ಬದುಕಿದ್ದ. ಬರೆದವರ ಮಗ ಸೈನ್ಯದಲ್ಲಿದ್ದ. ಯುದ್ಧ ಬೇಡವೆನ್ನುವ ಮನುಷ್ಯನ ಮಾತಲ್ಲ ಇದು. ಗೆಲ್ಲಬೇಕೆಂದೂ ಗೆದ್ದಾಗ ಸವಿಯಬಾರದೆಂದೂ ಒಟ್ಟಿಗೆ ಬಯಸಿದವರ ಮಾತು. ಶೈರಿನ ಅಧ್ಯಾಯವನ್ನು ಅವರು ಬರೆದದ್ದು ಇದಾದ ಕೆಲವು ವರ್ಷಗಳ ನಂತರ.

ಆ ಅಧ್ಯಾಯ ಮೊದಲೇ ಹೀಗಿರಲಿಲ್ಲ ಎಂಬುದು ತಿಳಿದುಬಂದದ್ದು 1992ರಲ್ಲಿ. ತಂದೆಯ ಹಸ್ತಪ್ರತಿಗಳನ್ನು ಸಂಪಾದಿಸುತ್ತಿದ್ದ ಕ್ರಿಸ್ಟೋಫರ್ ಟೋಲ್ಕೀನ್ ಆ ವರ್ಷ ಪ್ರಕಟಿಸಿದ ‘ಸೌರಾನ್ ಡಿಫೀಟೆಡ್’ ಸಂಪುಟದಲ್ಲಿ ಈ ಅಧ್ಯಾಯದ ಹಳೆಯ ಕರಡು ಇದೆ. ಅದರಲ್ಲಿ ಊರನ್ನು ಹಿಡಿದಿಟ್ಟುಕೊಂಡ ಮುಖಂಡ ಸರುಮಾನನಲ್ಲ, ಬರೀ ಒಬ್ಬ ಪುಂಡ. ಫ್ರೋಡೊ ಕೂಡ ನಾವು ಬಲ್ಲ ಫ್ರೋಡೊ ಅಲ್ಲ. ಮುಂದೆ ನಿಂತು ಖಡ್ಗ ಹಿಡಿದು ಕಾದಾಡುವ ವೀರ. ಎಂದರೆ, ಓದುಗರು ಬಯಸುವಂಥ ಮುಕ್ತಾಯವನ್ನು ಟೋಲ್ಕೀನ್ ಮೊದಲು ಬರೆದೇ ನೋಡಿದ್ದರು. ಆಮೇಲೆ ಅದನ್ನು ಕೆಡವಿದರು. ಪುಂಡನ ಜಾಗಕ್ಕೆ ಸರುಮಾನನನ್ನು ತಂದರು, ನಾಯಕನ ಕೈಯಿಂದ ಖಡ್ಗವನ್ನು ಕಿತ್ತುಕೊಂಡರು. ಎರಡು ಬದಲಾವಣೆಗಳೂ ಒಟ್ಟಿಗೇ ನಿಲ್ಲುತ್ತವೆ. ಖಳ ದೊಡ್ಡವನಾದಷ್ಟೂ ನಾಯಕನ ಕೈ ಬರಿದಾಗುತ್ತದೆ.

ಟೋಲ್ಕೀನರ ಕಥೆಗಳಲ್ಲಿ ಹಿರಿಯ ಖಳರು ನಾಯಕನ ಕೈಯಲ್ಲಿ ಸಾಯುವುದು ಅಪರೂಪ. 1937ರ ‘ದಿ ಹಾಬಿಟ್’ ಕಾದಂಬರಿಯಲ್ಲಿ ಘಟಸರ್ಪ ಸ್ಮೌಗ್‌ನನ್ನು ಕೊಲ್ಲುವವನು ಕಥಾನಾಯಕ ಬಿಲ್ಬೊ ಅಲ್ಲ, ಆಗಷ್ಟೇ ಓದುಗರಿಗೆ ಪರಿಚಯವಾದ ಬಾರ್ಡ್ ಎಂಬ ಬಿಲ್ಲುಗಾರ. ಸೌರಾನ್ ಅಳಿಯುವುದು ಅಗ್ನಿಪರ್ವತದ ಅಂಚಿನಲ್ಲಿ ಗೊಲ್ಲಮ್ ಎಂಬ ದೀನ ಜೀವಿ ಕಾಲುಜಾರಿದ್ದರಿಂದ. ಉಂಗುರವನ್ನು ಅಲ್ಲಿಯವರೆಗೆ ಹೊತ್ತ ಫ್ರೋಡೊ ಕೊನೆಯ ಗಳಿಗೆಯಲ್ಲಿ ಅದನ್ನು ಎಸೆಯಲಾರದೆ ತನ್ನದೆಂದು ಸಾರಿಬಿಟ್ಟಿದ್ದ. ಗೊಲ್ಲಮ್ ಅವನ ಬೆರಳನ್ನೇ ಕಚ್ಚಿ ಉಂಗುರ ಕಸಿದು, ಕುಣಿಯುತ್ತ ಬೆಂಕಿಗೆ ಬಿದ್ದ. ಆ ಗೊಲ್ಲಮ್ ಅಲ್ಲಿಯವರೆಗೆ ಬದುಕಿದ್ದೇಕೆ? ಬಿಲ್ಬೊ ಒಮ್ಮೆ, ಫ್ರೋಡೊ ಮತ್ತೊಮ್ಮೆ, ಕಡೆಗೆ ಸ್ಯಾಮ್ ಕೂಡ, ಕೊಲ್ಲಬಹುದಾಗಿದ್ದಾಗ ಕನಿಕರಪಟ್ಟು ಬಿಟ್ಟಿದ್ದರು. ಈ ಘಟನೆಗೆ ಟೋಲ್ಕೀನ್ ಆರಿಸಿಕೊಂಡ ದಿನ ಮಾರ್ಚ್ 25. ಅದು ಮಂಗಳವಾರ್ತೆಯ ಹಬ್ಬವೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಯೇಸುಸ್ವಾಮಿ ಶಿಲುಬೆಗೇರಿದ್ದೂ ಅದೇ ದಿನವೆಂಬ ನಂಬಿಕೆ ಪ್ರಾಚೀನ ಧರ್ಮಸಭೆಯಲ್ಲಿತ್ತು. ಹಳೆಯ ಪಂಚಾಂಗಗಳನ್ನು ಬಲ್ಲ ಕಥೋಲಿಕ ಪ್ರಾಧ್ಯಾಪಕರೊಬ್ಬರು ಅದನ್ನು ಅರಿಯದೆ ಆರಿಸಿರಲಾರರು.

ಗೊಲ್ಲಮನ ಪ್ರಸಂಗವನ್ನು ನಾವೆಲ್ಲ ಮೆಚ್ಚುತ್ತೇವೆ. ಪ್ರವಚನಗಳಲ್ಲಿ ಬಳಸಲೂ ಅದು ಅನುಕೂಲ. ಕರುಣೆ ತೋರಿದರು, ಕರುಣೆ ಫಲ ಕೊಟ್ಟಿತು, ಲೋಕ ಉಳಿಯಿತು. ಆದರೆ ಆ ಲೆಕ್ಕ ಕೊಂಚ ಹೆಚ್ಚೇ ಸಲೀಸಾಗಿದೆ ಎಂದು ನನ್ನ ಅನಿಸಿಕೆ. ಕರುಣೆಯೆಂಬುದು ಕೊನೆಗೆ ಬಡ್ಡಿಸಹಿತ ಮರಳುವ ಠೇವಣಿ ಎಂಬಂತೆ ಅದನ್ನು ಓದಿಬಿಡುವುದು ಸುಲಭ. ಪುಸ್ತಕ ಅಲ್ಲಿಯೇ ಮುಗಿದಿದ್ದರೆ ಹಾಗೆಯೇ ಓದುತ್ತಿದ್ದೆವು. ಟೋಲ್ಕೀನ್ ಮುಗಿಸಲಿಲ್ಲ. ಏಳು ತಿಂಗಳ ಮೇಲೆ, ನವೆಂಬರ್ 3ರಂದು, ಅದೇ ಫ್ರೋಡೊನನ್ನು ಇನ್ನೊಬ್ಬ ಕೇಡಿಗನ ಎದುರು ನಿಲ್ಲಿಸಿದರು. ಈ ಬಾರಿ ಕರುಣೆಯಿಂದ ಏನೂ ಸಿಗುವುದಿಲ್ಲ. ಸರುಮಾನ್ ಕ್ಷಮೆ ಪಡೆದು ಬದಲಾಗುವುದಿಲ್ಲ. ಅವನಿಂದ ನಾಡಿಗೆ ಗುಪ್ತ ಉಪಕಾರವೇನೂ ಆಗುವುದಿಲ್ಲ. ಬದುಕಿಸಿದ ಮರುಕ್ಷಣವೇ ಅವನು ಇರಿಯುತ್ತಾನೆ, ಎರಡನೆಯ ಬಾರಿ ಬದುಕಿಸಿದ ಮೇಲೆ ನಿನಗೆ ಆರೋಗ್ಯವೂ ಇಲ್ಲ ದೀರ್ಘಾಯುಷ್ಯವೂ ಇಲ್ಲ ಎಂದು ನುಡಿಯುತ್ತಾನೆ. ಆ ನುಡಿಯೂ ಸುಳ್ಳಾಗುವುದಿಲ್ಲ: ಹಳೆಯ ಗಾಯಗಳಿಂದ ನರಳುವ ಫ್ರೋಡೊ ಎರಡೇ ವರ್ಷಗಳಲ್ಲಿ ತನ್ನ ನಾಡನ್ನು ಬಿಟ್ಟು ಹಡಗನ್ನೇರುತ್ತಾನೆ.

ಗ್ರೀಮಾನ ಗತಿಯಂತೂ ಇನ್ನೂ ಕಷ್ಟದ್ದು. ಒಡೆಯನ ಹಿಂದೆ ಹೋಗಬೇಕಾಗಿಲ್ಲ, ಇಲ್ಲಿಯೇ ಇದ್ದು ಉಂಡು ಚೇತರಿಸಿಕೊ ಎಂದು ಫ್ರೋಡೊ ಅವನಿಗೂ ಹೇಳುತ್ತಾನೆ. ಗ್ರೀಮಾ ತಿರುಗಿ ನಿಲ್ಲುತ್ತಾನೆ. ಇಡೀ ಅಧ್ಯಾಯದಲ್ಲಿ ಕೃಪೆ ಒಳಹೊಗಬಹುದಾಗಿದ್ದ ಒಂದೇ ಬಿರುಕು ಅದು. ಸರುಮಾನ್ ಆಗಲೇ ಅವನ ಪಾಪವನ್ನು ಎಲ್ಲರೆದುರು ಬಯಲು ಮಾಡಿ ಆ ಬಿರುಕನ್ನು ಮುಚ್ಚಿಬಿಡುತ್ತಾನೆ. ಒಡೆಯನನ್ನು ಕೊಂದು ಓಡಿದ ಗ್ರೀಮಾನ ಮೇಲೆ, ಫ್ರೋಡೊ ಬಾಯಿತೆರೆಯುವ ಮೊದಲೇ, ಹಾಬಿಟ್ಟರ ಮೂರು ಬಾಣಗಳು ಹಾರುತ್ತವೆ. ಕೊಲ್ಲಬೇಡಿ ಎಂದವನ ಮನೆಯಂಗಳದಲ್ಲಿ ಎರಡು ಹೆಣಗಳು. ಅವನ ಮಾತನ್ನು ಊರವರೂ ಪಾಲಿಸಲಿಲ್ಲ, ಅತಿಥಿಗಳೂ ಪಾಲಿಸಲಿಲ್ಲ.

ಹೀಗಾಗಿ ನಿರಾಶೆಗೊಂಡ ಓದುಗ ತಪ್ಪು ತಿಳಿದಿಲ್ಲ. ಅಲ್ಲಿ ನಿರಾಶೆ ನಿಜವಾಗಿಯೂ ಇದೆ, ಮತ್ತು ಅದು ಮೊದಲು ಫ್ರೋಡೊನದು. ನಮಗೆ ದೊಡ್ಡ ಸಾವು ಸಿಗಲಿಲ್ಲವೆಂದು ಬೇಸರ. ಅವನಿಗೆ ಸಾವು ಆಗಿಬಿಟ್ಟಿತಲ್ಲ ಎಂದು. ಫಲವಿಲ್ಲದಿದ್ದರೂ ಕರುಣೆ ತೋರಬೇಕೇ ಎಂಬ ಪ್ರಶ್ನೆ ಗೊಲ್ಲಮನ ಮುಂದೆ ಏಳುವುದೇ ಇಲ್ಲ, ಏಕೆಂದರೆ ಅಲ್ಲಿ ಫಲ ಸಿಕ್ಕಿಬಿಟ್ಟಿತು. ಅದು ಏಳುವುದು ಈ ಬಾಗಿಲಲ್ಲಿ. ಸರುಮಾನ್ ಗೋಪುರದಿಂದ ಉರುಳಿ ಚಕ್ರಕ್ಕೆ ಸಿಲುಕಿ ಸತ್ತರೆ ನಾವು ಸಾವನ್ನು ನೋಡುತ್ತೇವೆ, ಪ್ರಶ್ನೆಯನ್ನು ಕೇಳಿಸಿಕೊಳ್ಳುವುದಿಲ್ಲ. ಚಲನಚಿತ್ರದವರು ಈ ಇಡೀ ಅಧ್ಯಾಯವನ್ನು ಕೈಬಿಟ್ಟದ್ದು ಕಾಲಾವಕಾಶದ ದೃಷ್ಟಿಯಿಂದ ಸರಿಯೇ ಇರಬಹುದು; ಮೂರೂಕಾಲು ಗಂಟೆ ಮೀರಿದ ಚಿತ್ರಕ್ಕೆ ಮತ್ತೊಂದು ಯುದ್ಧ ಹೊರೆಯಾಗುತ್ತಿತ್ತು. ಆದರೂ ಕಥೆಯ ಕರುಣೆ ಅಲ್ಲಿ ಗೆದ್ದ ಕರುಣೆಯಾಗಿ ಮಾತ್ರ ಉಳಿಯಿತು.

ಸಾವಿನ ಗಾತ್ರದ ವಿಚಾರವಾಗಿ ಇನ್ನೊಂದು ಮಾತಿದೆ. ಕೆಡುಕೆಂಬುದಕ್ಕೆ ಸ್ವಂತ ಇರವಿಲ್ಲ, ಅದು ಒಳಿತಿನ ಕೊರತೆ ಮಾತ್ರ ಎಂದು ಸಂತ ಅಗಸ್ತೀನರು ತಮ್ಮ ‘ಆತ್ಮನಿವೇದನೆ’ಯಲ್ಲಿ ವಾದಿಸಿದರು. ಆರನೆಯ ಶತಮಾನದಲ್ಲಿ ಸೆರೆಮನೆಯಲ್ಲಿದ್ದುಕೊಂಡು ಬೊಯೆಥಿಯುಸ್ ಅದನ್ನೇ ಮುಂದುವರಿಸಿದ. ಅವನ ಗ್ರಂಥ ಒಂಬತ್ತನೆಯ ಶತಮಾನದ ದೊರೆ ಆಲ್ಫ್ರೆಡನ ಹೆಸರಿನಲ್ಲಿ ಹಳೆಯ ಇಂಗ್ಲಿಷಿಗೆ ಬಂದಿತ್ತು. ಆ ಭಾಷೆಯನ್ನೇ ಜೀವಮಾನವಿಡೀ ಬೋಧಿಸಿದ ಟೋಲ್ಕೀನರಿಗೆ ಅದು ಮನೆಯ ಪುಸ್ತಕವಿದ್ದಂತೆ. ಪರಿಪೂರ್ಣ ಕೆಡುಕೆಂಬುದು ಇದೆಯೆಂದು ತಾವು ಭಾವಿಸುವುದಿಲ್ಲ, ಅದು ಸೊನ್ನೆ ಎಂಬರ್ಥದ ಮಾತನ್ನು ಅವರೇ ಒಮ್ಮೆ ಬರೆದಿದ್ದಾರೆ. ಇದನ್ನು ಒಪ್ಪಿದವರು ಖಳನಿಗೆ ಭವ್ಯವಾದ ಸಾವನ್ನು ಹೇಗೆ ಕೊಟ್ಟಾರು? ಕೆಡುತ್ತ ಹೋದವನು ಕಿರಿದಾಗುತ್ತ ಹೋಗಬೇಕು. ಜ್ಞಾನಿಗಳ ಹಿರಿಯ ಕೋಟೆಯ ಒಡೆಯನಾದ, ಕೋಟೆಯ ಒಡೆಯ ಭಿಕ್ಷುಕನಾದ, ಭಿಕ್ಷುಕ ಮರ ಕಡಿಯುವ ಪುಂಡರ ಯಜಮಾನನಾದ. ಸಾಯುವ ಹೊತ್ತಿಗೆ ಉಳಿದದ್ದು ಸೇವಕನ ಮುಖಕ್ಕೆ ಒದೆಯುವಷ್ಟು ಅಧಿಕಾರ.

ಅವನ ದೇಹದಿಂದ ಬೂದುಬಣ್ಣದ ಮಂಜೊಂದು ಎದ್ದು, ಮನುಷ್ಯಾಕಾರ ತಾಳಿ, ತಾನು ಬಂದ ಪಡುವಣದ ಕಡೆಗೆ ಒಂದು ಗಳಿಗೆ ಮುಖಮಾಡುತ್ತದೆ. ಅಲ್ಲಿಂದ ತಣ್ಣನೆಯ ಗಾಳಿ ಬೀಸುತ್ತದೆ. ಮಂಜು ನಿಟ್ಟುಸಿರಿನೊಡನೆ ಚದರಿಹೋಗುತ್ತದೆ. ಸೌರಾನ್ ಅಳಿದಾಗಲೂ ಹೀಗೆಯೇ ಒಂದು ನೆರಳು ಆಕಾಶದೆತ್ತರ ಎದ್ದು ಕೈಚಾಚಿ ಗಾಳಿಗೆ ತೂರಿಹೋಗಿತ್ತು. ಎರಡೂ ಒಂದೇ ಚಿತ್ರ, ಒಂದು ಸೈನ್ಯಗಳ ಮೇಲೆ, ಇನ್ನೊಂದು ಹಳ್ಳಿಯ ದಿಬ್ಬದ ಮೇಲೆ. ದಿಬ್ಬದ ಮೇಲಿನದೇ ನನಗೆ ಹೆಚ್ಚು ದುಃಖದ್ದಾಗಿ ಕಾಣುತ್ತದೆ. ಸೌರಾನನ ನೆರಳು ಬೆದರಿಸಲೆಂದು ಎದ್ದಿತ್ತು. ಇದು ಮನೆಯ ಕಡೆ ನೋಡಿತು. ಎಲ್ಲ ಬಾಗಿಲುಗಳನ್ನೂ ತಾನೇ ಮುಚ್ಚಿಕೊಂಡು ಬಂದವನ ಆ ನೋಟದ ಬಗ್ಗೆ ಟೋಲ್ಕೀನ್ ಯಾವ ವ್ಯಾಖ್ಯಾನವನ್ನೂ ಬರೆಯಲಿಲ್ಲ.

ಕೃತಿಯ ಅನುಬಂಧದಲ್ಲಿ ಕಾಲಾನುಕ್ರಮದ ಪಟ್ಟಿಯೊಂದಿದೆ. ಉಂಗುರದ ಯುದ್ಧ ಮುಗಿದ ದಿನವೆಂದು ಅ​ದರಲ್ಲಿ ದಾಖಲಾಗಿರುವುದು ಉಂಗುರ ಕರಗಿದ ಮಾರ್ಚ್ 25 ಅಲ್ಲ, ಈ ನವೆಂಬರ್ 3. ಸ್ಯಾಮನಿಗೆ ಮಾತ್ರ ಅದೂ ಒಪ್ಪಿಗೆಯಿಲ್ಲ: ಈ ಹೊಲಸನ್ನೆಲ್ಲ ಬಳಿಯುವವರೆಗೆ ಮುಗಿಯಿತೆನ್ನಲಾರೆ ಎಂಬುದು ಅವನ ನಿಲುವು. ಅದರಂತೆಯೇ ಮರುದಿನಗಳಲ್ಲಿ ಸೆರೆಮನೆಯ ಬೀಗಗಳು ತೆರೆದವು, ಸತ್ತ 19 ಜನರ ಹೆಸರುಗಳನ್ನು ಬರೆದಿಡಲಾಯಿತು, ಸ್ಯಾಮ್ ಕಡಿದುರುಳಿದ ಮರಗಳ ಜಾಗಗಳಲ್ಲೆಲ್ಲ ಸಸಿ ನೆಡುತ್ತ ನಾಡನ್ನು ಸುತ್ತಿದ. ಸರುಮಾನನ ಜನ ಕಟ್ಟಿಸಿದ್ದ ಕಟ್ಟಡಗಳನ್ನು ಒಂದೊಂದಾಗಿ ಕೆಡವಿ, ಅವುಗಳ ಇಟ್ಟಿಗೆಗಳನ್ನು ಹಾಳುಮಾಡದೆ ಆರಿಸಿ ಒಯ್ದು, ಹಳೆಯ ನೆಲಮನೆಗಳ ಗೋಡೆಗಳನ್ನು ಬೆಚ್ಚಗೂ ಒಣಗಿರುವಂತೆಯೂ ಸರಿಪಡಿಸಿಕೊಂಡರು.